‘ಕ್ಯಾನ್ಸರ್ ಅಪಾಯ ಶೇ 18 ಹೆಚ್ಚು’ ಎಂಬಂಥ ಸುದ್ದಿಯನ್ನು ವೈದ್ಯರಲ್ಲದವರು ಪರೀಕ್ಷಿಸುವುದು ಹೇಗೆ?

ಪೇಪರಿನಲ್ಲಿ ‘ಇದನ್ನು ತಿಂದರೆ ಕ್ಯಾನ್ಸರ್ ಅಪಾಯ ಶೇ 18 ಹೆಚ್ಚು’ ಎಂದು ಬಂದರೆ ನಂಬಬೇಕೋ ಬೇಡವೋ, ವೈದ್ಯಕೀಯ ಓದದವರು ಅದನ್ನು ತಾವೇ ಪರೀಕ್ಷಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಪರೀಕ್ಷಿಸಬಹುದು. ನಾನು ನೋಡುವ ಆರೋಗ್ಯ ಸುದ್ದಿಗಳಲ್ಲಿ ಹಸಿ ಸುಳ್ಳು ಕಡಿಮೆಯೇ. ಮೂಲ ಪ್ರಬಂಧದಲ್ಲಿದ್ದ ಯಾವುದೋ ಒಂದು ಷರತ್ತು ತಲೆಬರಹ ತಲುಪುವಷ್ಟರಲ್ಲಿ ಉದುರಿಹೋಗಿರುತ್ತದೆ. ಯಾವುದು ಉದುರಿತು, ಎಲ್ಲಿ ಉದುರಿತು ಎಂದು ಪತ್ತೆ ಮಾಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

ನಿಮ್ಮ ಶೇ 18ನ್ನೇ ಬಿಡಿಸಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, 2015ರ ಅಕ್ಟೋಬರ್‌ನಲ್ಲಿ ಸಂಸ್ಕರಿತ ಮಾಂಸದ (ಸಾಸೇಜ್, ಬೇಕನ್‌ನಂಥವು) ಬಗ್ಗೆ ಹೇಳಿದ ಸಂಖ್ಯೆ ಇದು: ದಿನಕ್ಕೆ ಪ್ರತಿ 50 ಗ್ರಾಂಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ 18 ಹೆಚ್ಚುತ್ತದೆ. ಸಂಖ್ಯೆ ಸರಿಯಿದೆ. ಆದರೆ ಯಾವುದರ ಶೇ 18? ಒಂದು ಸಮುದಾಯದಲ್ಲಿ 100 ಜನರ ಪೈಕಿ 5 ಮಂದಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆ ಎಂದಿಟ್ಟುಕೊಳ್ಳಿ. 5ರ ಶೇ 18 ಎಂದರೆ 0.9. ನೂರೂ ಜನ ದಿನಾ 50 ಗ್ರಾಂ ತಿಂದರೆ 5 ಇದ್ದದ್ದು 6ರ ಹತ್ತಿರ ಹೋಗುತ್ತದೆ. ಓದುಗರು ಮಾತ್ರ ‘ನೂರರಲ್ಲಿ 18 ಜನಕ್ಕೆ ಬರುತ್ತದೆ’ ಎಂದು ತಿಳಿದುಕೊಂಡಿರುತ್ತಾರೆ. ಹಾಗಾಗಿ ಶೇಕಡಾ ಕಂಡ ತಕ್ಷಣ ಮೂಲ ಅಪಾಯ ಎಷ್ಟು ಎಂದು ಹುಡುಕಿ, ತಲೆ ಎಣಿಕೆಗೆ ಇಳಿಸಿ. ಸುದ್ದಿಯಲ್ಲಿ ಸಾಮಾನ್ಯವಾಗಿ ಮೂಲ ಅಪಾಯ ಇರುವುದಿಲ್ಲ. ಪ್ರಬಂಧದ ಫಲಿತಾಂಶದ ಕೋಷ್ಟಕದಲ್ಲಿ ಎರಡೂ ಗುಂಪಿನಲ್ಲಿ ಎಷ್ಟು ಜನರಿದ್ದರು, ಎಷ್ಟು ಜನಕ್ಕೆ ಕಾಯಿಲೆ ಬಂತು ಎಂದು ಇರುತ್ತದೆ.

ಅದೇ ಐಎಆರ್‌ಸಿ ವರದಿ ಬಂದಾಗ ‘ಮಾಂಸ ತಂಬಾಕಿನಷ್ಟೇ ಅಪಾಯಕಾರಿ’ ಎಂಬ ತಲೆಬರಹಗಳೂ ಬಂದವು. ಸಂಸ್ಕರಿತ ಮಾಂಸ, ತಂಬಾಕು ಎರಡೂ ಐಎಆರ್‌ಸಿಯ ಗುಂಪು 1ರಲ್ಲಿವೆ, ನಿಜ. ಆದರೆ ಆ ಗುಂಪು ಹೇಳುವುದು ಕ್ಯಾನ್ಸರ್ ಬರಿಸುತ್ತದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಎಷ್ಟು ಜನಕ್ಕೆ ಬರಿಸುತ್ತದೆ ಎಂಬುದನ್ನಲ್ಲ. 2023ರ ಜುಲೈನಲ್ಲಿ ಕೃತಕ ಸಿಹಿಕಾರಕ ಆಸ್ಪರ್ಟೇಮ್, ‘ಕ್ಯಾನ್ಸರ್ ಬರಿಸುವ ಸಾಧ್ಯತೆ ಇದೆ’ ಎಂಬ 2ಬಿ ಗುಂಪಿಗೆ ಸೇರಿದಾಗಲೂ ಇದೇ ಗೊಂದಲ. ಅದೇ ದಿನ ಆಹಾರ ಸೇರ್ಪಡೆಗಳ ಇನ್ನೊಂದು ತಜ್ಞ ಸಮಿತಿ, ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 40 ಮಿ.ಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 70 ಕೆ.ಜಿ. ತೂಕದವರಿಗೆ 2,800 ಮಿ.ಗ್ರಾಂ. ಡಯಟ್ ಪಾನೀಯದ ಒಂದು ಕ್ಯಾನ್‌ನಲ್ಲಿ 200ರಿಂದ 300 ಮಿ.ಗ್ರಾಂ ಎಂದರೆ, ಬೇರೆ ಯಾವುದರಿಂದಲೂ ಆಸ್ಪರ್ಟೇಮ್ ಒಳಗೆ ಹೋಗದಿದ್ದಲ್ಲಿ, ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್ ಮೀರಿ ಕುಡಿಯಬೇಕು. ಇಷ್ಟು ಲೆಕ್ಕಕ್ಕೆ ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಇನ್ನು ಮೂಲ ಪ್ರಬಂಧ ಹುಡುಕುವ ಕೆಲಸ. ಸುದ್ದಿಯಲ್ಲಿ ಜರ್ನಲ್ ಹೆಸರು, ಸಂಶೋಧಕರೊಬ್ಬರ ಹೆಸರು, ವಿಷಯ ಇವಿಷ್ಟು ಸಿಕ್ಕರೆ, ವೈದ್ಯಕೀಯ ಪ್ರಬಂಧಗಳ ಉಚಿತ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಮೂರನ್ನೂ ಸೇರಿಸಿ ಹುಡುಕಿ. ಪ್ರಬಂಧದ ಗುರುತಿನ ಸಂಖ್ಯೆಯಾದ ಡಿಒಐ ಕೊಟ್ಟಿದ್ದರೆ ನೇರ ಅಲ್ಲಿಗೇ ಹೋಗಬಹುದು. ‘ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂದಷ್ಟೇ ಇದ್ದು ಹೆಸರು, ವರ್ಷ, ಜರ್ನಲ್ ಏನೂ ಇಲ್ಲದಿದ್ದರೆ ಅದನ್ನು ಪಕ್ಕಕ್ಕಿಡಿ. ಹತ್ತು ಪತ್ರಿಕೆಗಳಲ್ಲಿ ಬಂದಿದೆ ಎಂಬ ಕಾರಣಕ್ಕೆ ನಂಬಬೇಡಿ. ಹತ್ತೂ ಒಂದೇ ಪತ್ರಿಕಾ ಪ್ರಕಟಣೆಯ ನಕಲಿರಬಹುದು. ಸುದ್ದಿಯಲ್ಲಿರುವ ಸಂಶೋಧಕರ ಹೇಳಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಆ ಪ್ರಕಟಣೆಯೇ ಸಿಗುತ್ತದೆ. ಉತ್ಪ್ರೇಕ್ಷೆ ಎಷ್ಟೋ ಸಲ ಅಲ್ಲೇ ಶುರುವಾಗಿರುತ್ತದೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳ ಜೊತೆ ಹೋಲಿಸಿತು. ಶೇ 40ರಲ್ಲಿ ಓದುಗರಿಗೆ ಕೊಟ್ಟ ಸಲಹೆ ಉತ್ಪ್ರೇಕ್ಷಿತವಾಗಿತ್ತು. ಬೈಗುಳ ಮಾತ್ರ ಯಾವಾಗಲೂ ಪತ್ರಕರ್ತರ ಪಾಲಿಗೆ!

ಪ್ರಬಂಧ ಸಿಕ್ಕಮೇಲೆ ಸಾರಾಂಶದ ಕೊನೆಯ ಸಾಲಿಗೆ ಹಾರಬೇಡಿ, ವಿಧಾನದ ಭಾಗ ಮೊದಲು ಓದಿ. ಪರೀಕ್ಷೆ ನಡೆದದ್ದು ಮನುಷ್ಯರ ಮೇಲೋ, ಇಲಿಯ ಮೇಲೋ, ಗಾಜಿನ ತಟ್ಟೆಯಲ್ಲಿನ ಜೀವಕೋಶಗಳ ಮೇಲೋ? ಇಲಿಯಾದರೆ ಡೋಸ್ ನೋಡಿ. ಚಿಕ್ಕಿಲಿಗೆ ಕೊಟ್ಟ ಪ್ರತಿ ಕೆ.ಜಿ. ಪ್ರಮಾಣವನ್ನು 12.3ರಿಂದ ಭಾಗಿಸಿದರೆ ಮನುಷ್ಯರ ಸಮಾನ ಪ್ರಮಾಣ ಸ್ಥೂಲವಾಗಿ ಸಿಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಔಷಧ ಪ್ರಯೋಗಗಳ ಆರಂಭಿಕ ಡೋಸ್ ಲೆಕ್ಕಕ್ಕೆಂದು ಕೊಟ್ಟ ಸೂತ್ರ ಇದು. ಚಿಕ್ಕಿಲಿಗೆ ಪ್ರತಿ ಕೆ.ಜಿ.ಗೆ 100 ಮಿ.ಗ್ರಾಂ ಎಂದರೆ ನಮಗೆ ಪ್ರತಿ ಕೆ.ಜಿ.ಗೆ ಸುಮಾರು 8.1, 60 ಕೆ.ಜಿ. ತೂಕದವರಿಗೆ 490 ಮಿ.ಗ್ರಾಂ ಆಸುಪಾಸು. ಆ ಪದಾರ್ಥ ಒಂದು ಕಪ್ ಪಾನೀಯದಲ್ಲಿ 2 ಮಿ.ಗ್ರಾಂ ಮಾತ್ರ ಇದ್ದರೆ, ದಿನಕ್ಕೆ 245 ಕಪ್.

ಮನುಷ್ಯರ ಮೇಲೇ ನಡೆದಿದ್ದರೆ, ತಿನ್ನುವವರನ್ನೂ ತಿನ್ನದವರನ್ನೂ ಸುಮ್ಮನೆ ಗಮನಿಸಿದ್ದೋ ಅಥವಾ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪ್ರಯೋಗಿಸಿದ್ದೋ ನೋಡಿ. ಈ ವ್ಯತ್ಯಾಸ ಎಷ್ಟು ದುಬಾರಿ ಎಂಬುದಕ್ಕೆ ಕ್ಯಾರೆಟ್‌ನಂಥ ತರಕಾರಿಗಳಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದು ಹೇರಳವಾಗಿರುವ ತರಕಾರಿ, ಹಣ್ಣು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಗಮನಿಸಿದ ಅಧ್ಯಯನಗಳು ಹೇಳುತ್ತಿದ್ದವು. ಫಿನ್ಲೆಂಡ್‌ನಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸು ಧೂಮಪಾನಿಗಳನ್ನು ಆರಿಸಿ, ಒಂದಷ್ಟು ಜನಕ್ಕೆ ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತೆಗೆದುಕೊಂಡವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ 18 ಹೆಚ್ಚು! ತರಕಾರಿ ಹೆಚ್ಚು ತಿನ್ನುವವರು ಬೇರೆ ನೂರು ವಿಷಯಗಳಲ್ಲೂ ಭಿನ್ನವಾಗಿ ಬದುಕುತ್ತಾರೆ. ಅದೆಲ್ಲವನ್ನೂ ಅಂಕಿಅಂಶದಲ್ಲಿ ತೊಳೆದು ತೆಗೆಯಲು ಆಗುವುದಿಲ್ಲ. ‘ಸಂಬಂಧ ಕಂಡುಬಂದಿದೆ’ ಎಂದು ಪ್ರಬಂಧ ಹೇಳಿದ್ದನ್ನು ಸುದ್ದಿ ‘ಕಾರಣವಾಗುತ್ತದೆ’ ಎಂದು ಬರೆದಿದ್ದರೆ, ಉದುರಿದ ಷರತ್ತು ಅದೇ.

ಎಷ್ಟು ಸಂಗತಿ ಅಳೆದರು ಎಂಬುದನ್ನೂ ಎಣಿಸಿ. 2015ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಬೇಕೆಂದೇ ಕಳಪೆ ಅಧ್ಯಯನ ಮಾಡಿ, ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂದು ಜರ್ನಲ್‌ನಲ್ಲಿ ಪ್ರಕಟಿಸಿದರು. ಹಲವು ದೇಶಗಳ ಪತ್ರಿಕೆಗಳು ನಂಬಿ ಬರೆದವು. ತಂತ್ರ ಇಷ್ಟೇ: ಲೆಕ್ಕಕ್ಕೆ ಸಿಕ್ಕವರು 15 ಜನ, ಅಳೆದದ್ದು 18 ಸಂಗತಿ. ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶವನ್ನು ಒಪ್ಪುವುದು ವಾಡಿಕೆ. ಈ ಮಿತಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 18 ಪರೀಕ್ಷೆ ಮಾಡಿದರೆ, ಏನೂ ಪರಿಣಾಮ ಇಲ್ಲದಿದ್ದರೂ ಒಂದಾದರೂ ‘ಗೆಲ್ಲುವ’ ಸಾಧ್ಯತೆ ಶೇ 60. ಇದನ್ನು ಹಿಡಿಯಲು ಪ್ರಯೋಗದ ನೋಂದಣಿ ಸಂಖ್ಯೆಯನ್ನು ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಂಥ ತಾಣದಲ್ಲಿ ಹಾಕಿ, ಮುಖ್ಯ ಫಲಿತಾಂಶವಾಗಿ ಮೊದಲೇ ಏನನ್ನು ಬರೆದಿದ್ದರು ನೋಡಿ. ಅಲ್ಲಿ ರಕ್ತದೊತ್ತಡ, ಪ್ರಬಂಧದಲ್ಲಿ ನಿದ್ದೆಯ ಗುಣಮಟ್ಟ ಎಂದಿದ್ದರೆ ಏನೋ ಮಸಲತ್ತಿದೆ. ನೋಂದಣಿಯೇ ಇಲ್ಲದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಹಣ ಕೊಟ್ಟವರು ಯಾರು ಎಂದು ನೋಡಬೇಕು, ಆದರೆ ಅದೊಂದನ್ನೇ ಹಿಡಿದು ತೀರ್ಪು ಕೊಡುವುದು ಸೋಮಾರಿತನ. ಹೋಲಿಕೆಗೆ ಏನನ್ನು ಆರಿಸಿಕೊಂಡರು ಎಂಬುದು ಹೆಚ್ಚು ಹೇಳುತ್ತದೆ. ಪ್ರಬಂಧ ಹಿಂತೆಗೆಯಲಾಗಿದೆಯೇ ಎಂಬುದು ಪಬ್‌ಮೆಡ್ ಪುಟದ ಮೇಲ್ಭಾಗದಲ್ಲೇ ಕಾಣುತ್ತದೆ. ಮೆಡಿಟರೇನಿಯನ್ ಆಹಾರದ ಪ್ರಸಿದ್ಧ ಪ್ರೆಡಿಮೆಡ್ ಪ್ರಯೋಗದ 2013ರ ಪ್ರಬಂಧವನ್ನು ಗುಂಪು ಹಂಚಿಕೆಯ ದೋಷಕ್ಕಾಗಿ 2018ರಲ್ಲಿ ಹಿಂತೆಗೆದು ತಿದ್ದಿ ಮರುಪ್ರಕಟಿಸಲಾಯಿತು. ಹಳೆಯದನ್ನೇ ಉಲ್ಲೇಖಿಸುವವರು ಈಗಲೂ ಇದ್ದಾರೆ.

ಪೂರ್ತಿ ಪ್ರಬಂಧಕ್ಕೆ ದುಡ್ಡು ಕೇಳಿದರೆ ಮೊದಲು ಪೂರ್ಣ ಪ್ರಬಂಧಗಳ ಉಚಿತ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ ಪ್ರತಿ ಇದೆಯೇ ನೋಡಿ. ಇಲ್ಲದಿದ್ದರೆ ಪತ್ರವ್ಯವಹಾರಕ್ಕೆ ಕೊಟ್ಟಿರುವ ಲೇಖಕರ ಇಮೇಲ್‌ಗೆ ಎರಡು ಸಾಲು ಬರೆಯಿರಿ; ಪ್ರತಿ ಕಳುಹಿಸುವುದಕ್ಕೆ ಬಹಳ ಮಂದಿ ಬೇಸರಪಡುವುದಿಲ್ಲ. ಸುದ್ದಿಯ ತಲೆಬರಹವನ್ನೂ ಅದರಲ್ಲಿ ಅಂಟಿಸಿ, ‘ನೀವು ಹೇಳಿದ್ದು ಇದೇನಾ?’ ಎಂದು ಕೇಳಿಬಿಡಿ.