ಪಾತಾಳದಲ್ಲಿ ಜಿಪಿಎಸ್ ಇಲ್ಲ

ಪ್ರಶ್ನೆ: ದ್ವಿತೀಯ ಪಿಯುನಲ್ಲಿ ವಿಜ್ಞಾನ ಮುಗಿಸಿದ್ದೇನೆ. ಗಣಿ ಸರ್ವೆ ಕಲಿಯುವ ಆಸೆ. ಜಿಪಿಎಸ್, ಡ್ರೋನ್ ಬಂದ ಮೇಲೂ ಸರ್ವೇಯರ್‌ಗೆ ಕೆಲಸವಿದೆಯೇ? ಹೆಣ್ಣುಮಕ್ಕಳನ್ನು ಗಣಿಯೊಳಗೆ ಬಿಡುತ್ತಾರೆಯೇ?
– ವಿದ್ಯಾರ್ಥಿನಿ, ಲಿಂಗಸುಗೂರು

ಉತ್ತರ: ಹಟ್ಟಿ ಚಿನ್ನದ ಗಣಿಯ ಪಕ್ಕದಲ್ಲೇ ಇದ್ದೀಯಲ್ಲಮ್ಮ! ಡ್ರೋನ್ ಬಯಲು ಗಣಿಗೆ ಸರಿ. ನೆಲದಡಿಗೆ ಉಪಗ್ರಹದ ಸಂಕೇತ ಇಳಿಯುವುದಿಲ್ಲ. ನಾವು ಶಾಫ್ಟ್‌ನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಕೊಳವೆಯಲ್ಲಿ, ಎರಡು ತಂತಿಗಳನ್ನು ಇಳಿಬಿಟ್ಟು, ತುದಿಯ ತೂಕವನ್ನು ಎಣ್ಣೆಯ ಬಕೆಟ್ಟಿನಲ್ಲಿ ಮುಳುಗಿಸಿ, ಓಲಾಟ ನಿಲ್ಲಲೆಂದು ಉಸಿರು ಹಿಡಿದು ಕಾಯುತ್ತಿದ್ದೆವು. ಆ ತಂತಿಗಳ ನೇರದಿಂದಲೇ ಕೆಳಗಿನ ಸುರಂಗದ ದಿಕ್ಕು. ತಂತಿಗಳ ನಡುವೆ ಮೂರು ಮೀಟರ್ ಅಂತರವಿದ್ದು, ಒಂದು ತಂತಿ ಅಡ್ಡಕ್ಕೆ ಒಂದೇ ಮಿಲಿಮೀಟರ್ ಸರಿದರೂ ಕಿಲೋಮೀಟರ್ ಆಚೆ ಸುಮಾರು 33 ಸೆಂಟಿಮೀಟರ್ ತಪ್ಪುತ್ತದೆ. ಈಗ ನೆಲದಡಿಯಲ್ಲೂ ಉತ್ತರ ದಿಕ್ಕು ಹಿಡಿಯುವ ಗೈರೋ ಥಿಯೋಡೊಲೈಟ್ ಎಂಬ ಉಪಕರಣ ಇದೆ, ಆದರೂ ತ್ರಿಕೋನಮಿತಿ ಬಿಡಬೇಡ.

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ಪದವಿ ಇದೆ, ಜೆಇಇ ಬರೆಯಬೇಕು. ಗಣಿಯಲ್ಲಿ ಸರ್ವೇಯರ್ ಆಗಿ ಸಹಿ ಹಾಕಲು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಅರ್ಹತಾ ಪ್ರಮಾಣಪತ್ರವೂ ಬೇಕು. 2019ರಿಂದ ಹೆಣ್ಣುಮಕ್ಕಳಿಗೂ ಭೂಗರ್ಭ ಗಣಿಯ ತಾಂತ್ರಿಕ ಕೆಲಸಗಳಿಗೆ ಅವಕಾಶವಿದೆ. ನನ್ನ ಕಾಲದಲ್ಲಿ ಇರಲಿಲ್ಲ; ಅಳತೆ ಬರೆದಿಟ್ಟ, ಅಕ್ಷರ ಓದಲಾಗದ ನನ್ನ ಫೀಲ್ಡ್ ಬುಕ್ ಕಂಡರೆ, ಜೊತೆಗೆ ಹೆಣ್ಣುಮಕ್ಕಳು ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.