ಕಲಬುರಗಿಯಿಂದ ಬೀದರ್‌ಗೆ ವೆಲ್‌ಫೈರ್‌ನಲ್ಲಿ: ಚಾರ್ಜಿಂಗ್ ಚಿಂತೆ ಬೇಡ

ಮೇ ತಿಂಗಳಲ್ಲಿ ವಯಸ್ಸಾದ ಅಪ್ಪ-ಅಮ್ಮನ ಜೊತೆ ಟೊಯೋಟಾದ ದೊಡ್ಡ ಗಾಡಿ ವೆಲ್‌ಫೈರ್ ಹೈಬ್ರಿಡ್‌ನಲ್ಲಿ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟಾರ್ ಕೂಡ ಇರುವ ಗಾಡಿ) ಬೀದರ್‌ಗೆ ಹೊರಟಿದ್ದೀರಿ, ದಾರಿಯಲ್ಲಿ ಚಾರ್ಜ್ ಎಲ್ಲಿ ಮಾಡೋದು, ಬಿಸಿಲಿಗೆ ಬ್ಯಾಟರಿ ತಡೆಯುತ್ತಾ ಅಂತ ಕೇಳಿದ್ದೀರಿ. ಚಾರ್ಜ್ ಮಾಡೋದೇ ಬೇಡ. ಇದಕ್ಕೆ ಪ್ಲಗ್ ಇಲ್ಲ. 2.5 ಲೀಟರ್ ಪೆಟ್ರೋಲ್ ಎಂಜಿನ್ ಓಡುವಾಗ ಮತ್ತು ನೀವು ಬ್ರೇಕ್ ಒತ್ತಿದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಪೆಟ್ರೋಲ್ ಹಾಕಿಸಿಕೊಂಡು ಹೊರಡಿ, ಅಷ್ಟೇ.

ಬಿಸಿಲಿನ ಪ್ರಶ್ನೆ ಮಾತ್ರ ಸರಿಯಾಗಿಯೇ ಕೇಳಿದ್ದೀರಿ. ನಮ್ಮ ಕಡೆ ಮೇನಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಇಂಥ ಗಾಡಿಗಳಲ್ಲಿ ಬ್ಯಾಟರಿ ತಂಪಾಗೋದು ಒಳಗಿನ ಗಾಳಿಯಿಂದಲೇ, ಹಾಗಾಗಿ ಗಾಳಿ ಎಳೆದುಕೊಳ್ಳುವ ಜಾಲರಿ ಎಲ್ಲಿದೆ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ, ಅದರ ಮುಂದೆ ಚೀಲ, ಚಾದರ ಏನೂ ಇಡಬೇಡಿ. ಏಸಿ ಹಾಕಿಯೇ ಇರಲಿ. ನೆರಳಲ್ಲೇ ನಿಲ್ಲಿಸಿ.

ಮೈಲೇಜ್ ಬಗ್ಗೆ ಒಂದು ಮಾತು. ಹೈಬ್ರಿಡ್‌ನ ನಿಜವಾದ ಲಾಭ ಊರೊಳಗಿನ ನಿಲ್ಲು-ಓಡು ಟ್ರಾಫಿಕ್‌ನಲ್ಲಿ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋದರೆ ಬ್ರೇಕ್‌ನಿಂದ ಸಿಗುವ ಕರೆಂಟ್ ಕಮ್ಮಿ, ಜೋರಾಗಿ ಓಡಿಸಿದರೆ ಇಷ್ಟು ಎತ್ತರದ ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗೋಕೆ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. 80-90ರಲ್ಲೇ ಹೋಗಿ, ಹಿರಿಯರಿಗೂ ಅದೇ ಒಳ್ಳೆಯದು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಕ್ಕರೆ ಬಿಡಬೇಡಿ. ಹುಮನಾಬಾದ್‌ನಲ್ಲಿ ಮಾಣಿಕ ಪ್ರಭು ದೇವಸ್ಥಾನ ನೋಡಿ. ಬೀದರ್‌ನ ಹಳೇ ಊರಿನ ಗಲ್ಲಿಗಳಿಗೆ ಮಾತ್ರ ಸುಮಾರು 5 ಮೀಟರ್ ಉದ್ದದ ಈ ಗಾಡಿ ನುಗ್ಗಿಸಬೇಡಿ. ಹೊರಗೆ ನಿಲ್ಲಿಸಿ ಆಟೋ ಹಿಡಿದರೆ ಚೌಬಾರಾ ಅನ್ನೋ ಹಳೇ ಕಾವಲು ಗೋಪುರ, ಮಹಮೂದ್ ಗವಾನ್ ಕಟ್ಟಿಸಿದ ಹಳೇ ಮದರಸಾ ಎರಡನ್ನೂ ಆರಾಮಾಗಿ ನೋಡಬಹುದು. ಕೋಟೆಗೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಅಲ್ಲಿ ಹಿರಿಯರಿಗೆ ನಡೆಯೋದು ಕಷ್ಟ.