ಅಜ್ಜಿಯ ತೋಳಿಗೆ ಹೋಗದ ಮೊಮ್ಮಗಳು

ಪ್ರಶ್ನೆ: ನಮಗೆ ಏಳು ವರ್ಷದ ಮಗನೂ ಹತ್ತು ತಿಂಗಳ ಮಗಳೂ ಇದ್ದಾರೆ. ನನ್ನ ಪತಿಯ ತಂದೆತಾಯಿ ದೂರದ ಬೇರೊಂದು ಪ್ರಾಂತ್ಯದಲ್ಲಿದ್ದು, ಅಲ್ಲಿಗೆ ಹೋಗಲು ಕಾರಿನಲ್ಲಿ ಇಡೀ ದಿನ ಬೇಕು. ಮಗನಿಗೆ ದಾರಿಯುದ್ದಕ್ಕೂ ವಾಂತಿಯಾಗುತ್ತದೆ. ಮಗಳನ್ನು ಅಜ್ಜಿ ಇದೇ ಮೊದಲ ಬಾರಿಗೆ ನೋಡಲಿದ್ದಾರೆ. ಆದರೆ ಈಚೆಗೆ ಹೊಸಬರು ಎತ್ತಿಕೊಂಡರೆ ಸಾಕು, ಅವಳು ಚೀರಿ ಅಳುತ್ತಾಳೆ. ಅತ್ತೆಯವರ ಮನಸ್ಸು ನೋಯದಂತೆ ಏನು ಮಾಡಲಿ?

ಉತ್ತರ: ನಿಮ್ಮ ಮಗಳ ಅಳು ಅವಳ ಬೆಳವಣಿಗೆಯ ಒಂದು ಗುರುತು. ಮನೆಯವರು ಯಾರು, ಹೊರಗಿನವರು ಯಾರು ಎಂಬುದನ್ನು ಮಕ್ಕಳು ಸಾಮಾನ್ಯವಾಗಿ ಎಂಟು ಒಂಬತ್ತು ತಿಂಗಳ ಹೊತ್ತಿಗೆ ಸ್ಪಷ್ಟವಾಗಿ ಗುರುತಿಸತೊಡಗುತ್ತಾರೆ, ಮತ್ತು ರಕ್ತಸಂಬಂಧವೆಂಬುದು ಅವರ ಆ ಲೆಕ್ಕದಲ್ಲಿ ಇನ್ನೂ ಸೇರಿರುವುದಿಲ್ಲ. ಈ ಮಾತನ್ನು ಅತ್ತೆಯವರಿಗೆ ಬಾಗಿಲಲ್ಲಿ ನಿಂತು ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ. ಹೊರಡುವ ವಾರವೇ ಫೋನಿನಲ್ಲಿ, ಅದೂ ಸಾಧ್ಯವಾದರೆ ನಿಮ್ಮ ಪತಿಯ ಬಾಯಿಂದ, ಹೇಳಿಸಿರಿ. ತಲುಪಿದ ಮೇಲೆ ಮಗು ನಿಮ್ಮ ಮಡಿಲಲ್ಲೇ ಇರಲಿ. ಅಜ್ಜಿ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತು, ಅವಳನ್ನು ನೇರವಾಗಿ ದಿಟ್ಟಿಸದೆ, ನಿಮ್ಮೊಡನೆಯೇ ಮಾತನಾಡುತ್ತ ಯಾವುದಾದರೊಂದು ಆಟಿಕೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದರೆ, ತಾಯಿ ನಿರಾಳವಾಗಿರುವುದನ್ನು ಕಂಡ ಮಗು ತಾನಾಗಿಯೇ ಅತ್ತ ಅಂಬೆಗಾಲಿಡುವ ಸಂಭವ ಹೆಚ್ಚು. ಅದಕ್ಕೆ ಒಂದು ಗಂಟೆಯೂ ಹಿಡಿಯಬಹುದು, ಎರಡು ದಿನವೂ ಹಿಡಿಯಬಹುದು. ಆದ್ದರಿಂದ ಮೊದಲ ದಿನವೇ ನೆಂಟರನ್ನೆಲ್ಲ ಕರೆದು ಮಗುವನ್ನು ಕೈಯಿಂದ ಕೈಗೆ ದಾಟಿಸುವ ಉತ್ಸಾಹಕ್ಕೆ ನೀವು ಮೊದಲೇ ತಡೆ ಹಾಕಬೇಕು. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಇನ್ನು ಮಗನ ವಾಂತಿ. ದೇಹ ಚಲಿಸುತ್ತಿದೆಯೆಂದು ಒಳಕಿವಿ ಹೇಳುವಾಗ, ಪುಸ್ತಕದಲ್ಲೋ ಫೋನಿನಲ್ಲೋ ನೆಟ್ಟ ಕಣ್ಣು ಅದಕ್ಕೆ ವಿರುದ್ಧವಾದ ಸುದ್ದಿಯನ್ನು ಮಿದುಳಿಗೆ ಕಳುಹಿಸುವುದರಿಂದ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಹುಡುಗ ಸುಮ್ಮನಿರಲೆಂದು ಫೋನು ಕೊಡುವುದು ನಮ್ಮೆಲ್ಲರ ಸುಲಭೋಪಾಯವೇ ಸರಿ, ಆದರೆ ಇಲ್ಲಿ ಅದೇ ತೊಂದರೆಯ ಮೂಲವಾಗಬಹುದು. ಅವನು ಕಿಟಕಿಯಾಚೆ ದೂರಕ್ಕೆ ನೋಡುತ್ತಿರಲಿ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಬಿರಿಯುವಷ್ಟು ತುಂಬಿರುವುದೂ ಬೇಡ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಬ್ಬರನ್ನೂ ಇಳಿಸಿರಿ. ಔಷಧ ಬೇಕೆನಿಸಿದರೆ ಮಕ್ಕಳ ವೈದ್ಯರನ್ನು ಕೇಳಿ, ಪ್ರಯಾಣಕ್ಕೆ ಮೊದಲೇ ಕೊಡಬೇಕು; ವಾಂತಿ ಶುರುವಾದ ಮೇಲೆ ನುಂಗಿಸಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಗಳು ಎಷ್ಟೇ ಅತ್ತರೂ ಚಲಿಸುವ ಕಾರಿನಲ್ಲಿ ಅವಳನ್ನು ಮಡಿಲಿಗೆ ತೆಗೆದುಕೊಳ್ಳಬೇಡಿ. ಹಿಮ್ಮುಖವಾಗಿ ಕಟ್ಟಿದ ಮಕ್ಕಳ ಆಸನದಲ್ಲಿಯೇ ಇರಲಿ, ಸಮಾಧಾನಪಡಿಸಲು ಕಾರು ನಿಲ್ಲಿಸಿರಿ.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಚಿಕ್ಕ ಮಕ್ಕಳಿಲ್ಲದ ಮನೆಯಲ್ಲಿ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಗಳು ಹಾಸಿಗೆಯ ಪಕ್ಕದಲ್ಲೇ ಇರುತ್ತವೆ. ಹಿರಿಯರಿಗೆ ನಿತ್ಯದ ಒಂದು ಮಾತ್ರೆ ಮಗುವಿಗೆ ಪ್ರಾಣಾಪಾಯ ತರಬಲ್ಲದು. ಶ್ರವಣಯಂತ್ರದಲ್ಲಿಯೂ ಕೆಲವು ರಿಮೋಟುಗಳಲ್ಲಿಯೂ ಇರುವ ಗುಂಡಿಯಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ತೀವ್ರವಾಗಿ ಸುಡಬಹುದು. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅತ್ತೆಯವರ ಮನೆಯಲ್ಲಿ ಬಂದಕೂಡಲೇ ಕಪಾಟು ತಡಕುವುದು ನಿಮಗೆ ಮುಜುಗರವಾದೀತು. ಇದನ್ನೂ ಆ ಫೋನಿನಲ್ಲಿಯೇ ಹೇಳಿ, ಎತ್ತರದಲ್ಲಿಡುವ ಕೆಲಸವನ್ನು ಅಜ್ಜನಿಗೆ ವಹಿಸಿರಿ.